ನಮ್ಮ ಮನೆಯವರು ನೋವು ಅಂದ ದಿನ

ಕೂಕಟ್‌ಪಲ್ಲಿ ಕನ್ನಡ ಬಳಗದ ಅಧ್ಯಕ್ಷರಾದ ಗುರುಸಿದ್ದಪ್ಪನವರೇ, ಇಂದಿನ ಸನ್ಮಾನಿತರಾದ ಡಾಕ್ಟರ್ ಕುಮುದಾ ಅವರೇ, ಬಳಗದ ಹಿರಿಯರೇ, ಮಾದಾಪುರದಿಂದ ಆಫೀಸಿನ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳೇ, ಮತ್ತು ಊಟ ಯಾವಾಗ ಎಂದು ಆಗಲೇ ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನಾನು ಶಿವದೇವಿ. ಈ ಮೊದಲು ರಂಗೋಲಿ ಸ್ಪರ್ಧೆಯ ಬಹುಮಾನ ತೆಗೆದುಕೊಳ್ಳಲು ಈ ವೇದಿಕೆ ಹತ್ತಿದ್ದೇನೆ, ಮಾತಾಡಲು ಹತ್ತಿದವಳಲ್ಲ. ಡಾಕ್ಟರ್ ಕುಮುದಾ ಅವರ ಬಗ್ಗೆ ಎರಡು ಮಾತು ಆಡಬೇಕೆಂದು ಗುರುಸಿದ್ದಪ್ಪನವರು ಕೇಳಿದಾಗ ನನ್ನ ಮಗಳು ಪೂರ್ವಿ, “ಅವ್ವಾ, ಸ್ಟೇಜ್ ಮ್ಯಾಲೆ ಪುಸ್ತಕದ ಕನ್ನಡ ಮಾತಾಡು, ನಮ್ಮ ಸಿಂದಗಿ ಕನ್ನಡ ಮನ್ಯಾಗ ಇರಲಿ” ಎಂದಳು. ಪ್ರಯತ್ನ ಮಾಡುತ್ತೇನೆ. ನಡುನಡುವೆ ಸಿಂದಗಿ ಹೊರಗೆ ಬಂದರೆ ಮೈಸೂರಿನ ಕಡೆಯವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೂಳೆ ಕೂಡಿಸಿದ ಡಾಕ್ಟರಿಗೆ ನಾವು ಪೇಢೆ ಕೊಡುತ್ತೇವೆ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಸೀರೆ ಕೊಡುತ್ತೇವೆ. ಅರಿವಳಿಕೆ ಕೊಡುವ ಡಾಕ್ಟರಿಗೆ ಏನು ಕೊಡುತ್ತೇವೆ? ಅವರ ಮುಖವನ್ನೇ ನಾವು ಸರಿಯಾಗಿ ನೋಡಿರುವುದಿಲ್ಲ. ನೋಡಬೇಕು ಅನ್ನುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಅಂಥ ಡಾಕ್ಟರಾದ ಕುಮುದಾ ಅವರನ್ನು ನಾನು ಹಗಲು ಹೊತ್ತಿನಲ್ಲಿ, ಎರಡೂ ಕಣ್ಣು ತೆರೆದುಕೊಂಡು ನೋಡಿದ್ದೇನೆ. ಅದಕ್ಕೇ ಈ ಮೈಕಿನ ಮುಂದೆ ಬಂದು ನಿಂತಿದ್ದೇನೆ.

ನಮ್ಮ ಮನೆಯವರು ವೈಜನಾಥ ಅವರನ್ನು ನೀವೆಲ್ಲ ಬಲ್ಲಿರಿ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮುಂದೆ ನಿಂತು ನಿಂತು ರಿಟೈರ್ ಆದವರು. ಮಾತು ಕಡಿಮೆ. ನೋವಿನ ಮಾತಂತೂ ಇಲ್ಲವೇ ಇಲ್ಲ. ಒಂದು ಸಲ ಕಬ್ಬಿಣದ ಚೂರು ಬಡಿದು ಅಂಗೈ ಸೀಳಿತ್ತು. ಮನೆಗೆ ಬಂದವರು ಎಡಗೈಯಲ್ಲಿ ಚಮಚೆ ಹಿಡಿದು ಅನ್ನ ಉಣ್ಣತೊಡಗಿದರು. “ಏನ್ರಿ ಇದು, ಚಮಚಾದ್ಲೆ?” ಅಂದೆ. “ಏನಿಲ್ಲ, ಹಿಂಗ ರೂಢಿ ಮಾಡ್ಕೊಳ್ಳಾಕತ್ತೀನಿ” ಅಂದರು. ಬಟ್ಟೆಗೆ ರಕ್ತ ಅಂಟಿದ್ದನ್ನು ಮರುದಿನ ಒಗೆಯುವಾಗ ನಾನು ನೋಡಿದೆ.

ಆದರೆ ಅವರಿಗೆ ಮಾತೇ ಬರುತ್ತಿರಲಿಲ್ಲ ಎಂದಲ್ಲ. ಅವರ ಅಕ್ಕ ಗಂಗೂಬಾಯಿ, ಎಲ್ಲರಿಗೂ ಗಂಗಕ್ಕ, ನಮ್ಮ ಜೊತೆಯಲ್ಲೇ ಇದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಸಂಜೆ ಅಕ್ಕ ತಮ್ಮ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು, ನಗುತ್ತಿದ್ದರು. ನಾನು ಚಹಾ ತೆಗೆದುಕೊಂಡು ಹೋದರೆ ಮಾತು ನಿಲ್ಲುತ್ತಿತ್ತು. ಬಿಸಿ ಚಹಾ ಕುಡಿಯಲಿಕ್ಕೆ ಸುಮ್ಮನಾದರು ಅಂದುಕೊಂಡು ನಾನು ಒಳಗೆ ಬರುತ್ತಿದ್ದೆ. ಒಳಗೆ ಬಂದ ಮೇಲೆ ಮತ್ತೆ ನಗು ಕೇಳುತ್ತಿತ್ತು. ಇರಲಿ, ನಾನು ಹೇಳಬೇಕಾದ್ದು ಅದಲ್ಲ.

ಹೇಳಬೇಕಾದ್ದು ಮೆಟ್ರೋ. ನಮ್ಮ ಕೂಕಟ್‌ಪಲ್ಲಿಗೆ ಮೆಟ್ರೋ ಬಂದ ಹೊಸತು. ನೋಡಿ ಬರೋಣ ಎಂದು ಒಂದು ಭಾನುವಾರ ಇಬ್ಬರೂ ಹೋದೆವು. ಅಲ್ಲಿ ಆ ಓಡುವ ಮೆಟ್ಟಿಲು, ಎಸ್ಕಲೇಟರ್. ನನಗೆ ಜೀವ ಬಾಯಿಗೆ ಬಂತು. ಇವರು ಮಾತ್ರ ದಿನಾ ಅದರ ಮೇಲೆಯೇ ಓಡಾಡುವವರ ಹಾಗೆ ಹತ್ತಿದರು, ಇಳಿದರು, ಸುಮ್ಮನೆ ಇನ್ನೊಮ್ಮೆ ಹತ್ತಿದರು. ಎಪ್ಪತ್ತು ದಾಟಿದ ಮನುಷ್ಯ, ಒಂದು ಕೂದಲು ಕೊಂಕಲಿಲ್ಲ. ಮನೆಗೆ ಬಂದೆವು. ಎದುರು ಫ್ಲ್ಯಾಟಿನ ಶಾರದಾಬಾಯಿಯವರು “ಅದರ ಮ್ಯಾಲೆ ಕಾಲು ಹ್ಯಾಂಗ ಇಡೋದ್ರಿ ಅಣ್ಣಾರ?” ಎಂದು ಕೇಳಿದರು. ಇವರು ತೋರಿಸಲಿಕ್ಕೆ ಹೋದರು. “ನೋಡ್ರಿ, ಹಿಂಗ ಕಾಲ ಎತ್ತಬೇಕು, ಹಿಂಗ ಇಡಬೇಕು.” ಇಟ್ಟದ್ದು ಬಾಗಿಲ ಮುಂದಿನ ಕಾಲೊರಸಿನ ಮೇಲೆ. ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ಇವರನ್ನು ಬೀಳಿಸಲಿಲ್ಲ ಸಭಿಕರೇ, ನಮ್ಮ ಮನೆಯ ಕಾಲೊರಸು ಬೀಳಿಸಿತು.

ಬಿದ್ದಲ್ಲೇ ಮಲಗಿ, “ಏನೂ ಆಗಿಲ್ಲ” ಅಂದರು. ಬಲಗಾಲು ಗಿಡ್ಡವಾಗಿ ಹೊರಗೆ ತಿರುಗಿ ಬಿದ್ದಿತ್ತು. ಆಂಬುಲೆನ್ಸಿನಲ್ಲಿ ಒಂದೊಂದು ಸ್ಪೀಡ್ ಬ್ರೇಕರಿಗೂ ಅವರ ಮುಖ ಸುಣ್ಣದ ಹಾಗಾಗುತ್ತಿತ್ತು. “ನೋವು ಆಗಾಕತ್ತೈತೇನ್ರಿ?” ಅಂದರೆ “ಇಲ್ಲ” ಎಂದು ತಲೆ ಆಡಿಸುತ್ತಿದ್ದರು. ಹಲ್ಲು ಕಚ್ಚಿ ಹಿಡಿದಿದ್ದರಿಂದ ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲ.

ತೊಡೆಯ ಮೂಳೆ ಸೊಂಟಕ್ಕೆ ಕೂಡುವ ಜಾಗದಲ್ಲಿ ಮುರಿದಿತ್ತು. ಆಪರೇಷನ್ ಆಗಬೇಕು, ಆದರೆ ಕೂಡಲೇ ಆಗುವಂತಿರಲಿಲ್ಲ. ಹೃದಯಕ್ಕೆಂದು ಇವರು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದರ ಪ್ರಭಾವ ಇಳಿಯುವ ತನಕ ಕಾಯಬೇಕಿತ್ತು. ಅಲ್ಲಿಯವರೆಗೆ ನೋವಿಗೆ ಬಲವಾದ ಇಂಜೆಕ್ಷನ್ ಕೊಟ್ಟರು. ಆಸ್ಪತ್ರೆಯವರ ತಪ್ಪಿಲ್ಲ, ಕೊಡದೆ ಬಿಡುವಂಥ ನೋವಲ್ಲ ಅದು. ಆದರೆ ಇವರ ವಯಸ್ಸಿಗೆ, ಆ ನೋವಿಗೆ, ನಿದ್ದೆಯಿಲ್ಲದ್ದಕ್ಕೆ ಎಲ್ಲಾ ಸೇರಿ ಮರುದಿನ ಬೆಳಿಗ್ಗೆ ಇವರಿಗೆ ಭ್ರಮೆ ಹಿಡಿಯಿತು.

ನಾನು ನೀರು ಕುಡಿಸಲು ಹೋದೆ. ನನ್ನ ಮುಖ ನೋಡಿ, “ಅಕ್ಕಾ, ಬಂದ್ಯಾ?” ಎಂದರು.

“ನಾ ಶಿವದೇವಿರೀ” ಅಂದೆ. ಸಿಟ್ಟಿಗೆದ್ದರು. ಕೈಗೆ ಹಾಕಿದ್ದ ನಳಿಗೆ ಕಿತ್ತುಕೊಳ್ಳಲು ನೋಡಿದರು. ನನಗೆ ಬೇರೆ ದಾರಿ ತೋಚಲಿಲ್ಲ. “ಹೂಂ ತಮ್ಮಾ, ಬಂದೀನಿ” ಅಂದೆ. ಕೂಡಲೇ ತಣ್ಣಗಾದರು. ನನ್ನ ಕೈ ಹಿಡಿದುಕೊಂಡು, “ಭಾಳ ನೋವು ಆಗಾಕತ್ತೈತಿ ಅಕ್ಕಾ. ತಡಕೊಳ್ಳಾಕ ಆಗವಲ್ದು” ಅಂದರು. ಸಣ್ಣ ಹುಡುಗನ ಹಾಗೆ ಅತ್ತರು. ಆಮೇಲೆ, “ಶಿವದೇವಿಗಿ ಹೇಳಬ್ಯಾಡ. ಆಕಿ ಹೆದರತಾಳ” ಅಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಾನು ಕೊಟ್ಟ ಮಾತು ನಡೆಸಿದ್ದೇನೆ, ಇವತ್ತಿನವರೆಗೂ ಗಂಗಕ್ಕ ಶಿವದೇವಿಗೆ ಹೇಳಿಲ್ಲ.

ನೀವು ನಗುತ್ತೀರಿ, ನಗಬೇಕು. ಆವತ್ತು ನನಗೆ ನಗು ಬಂದಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ಗಂಡನ ಬಾಯಿಂದ ನೋವು ಅನ್ನುವ ಮಾತು ಕೇಳಬೇಕಾದರೆ ನಾನು ಇನ್ನೊಬ್ಬಳಾಗಬೇಕಾಯಿತಲ್ಲ, ಅದನ್ನು ಯೋಚಿಸುತ್ತಾ ಕೂತಿದ್ದೆ.

ಅಷ್ಟರಲ್ಲಿ ಮಣಿಕೊಂಡದಿಂದ ನಮ್ಮಣ್ಣ ಗೊಲ್ಲಾಳಪ್ಪ ಬಂದ. ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ, ಅವನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ತಂಗಿಯ ಮೇಲಿನ ಪ್ರೀತಿಯಿಂದಲೇ ಹೇಳಿದ: “ಶಿವದೇವಿ, ಮಾವಾರಿಗೆ ಬುದ್ಧೀನ ಹೋಗೈತಿ. ಇಂಥಾ ಪರಿಸ್ಥಿತ್ಯಾಗ ಕೊಯ್ಸಿ ಯಾಕ ಹಿಂಸಾ ಕೊಡ್ತಿ? ಮನಿಗಿ ಕರಕೊಂಡು ಹೋಗಿ ಆರಾಮ ಮಲಗಿಸೋಣು.” ಪೂರ್ವಿ ಗೋಡೆಗೆ ಒರಗಿ ಅಳುತ್ತಿದ್ದಳು. ನನಗೂ ಅದೇ ಸರಿಯೇನೋ ಅನಿಸತೊಡಗಿತ್ತು. ನಿಜ ಹೇಳುತ್ತೇನೆ, ಅನಿಸತೊಡಗಿತ್ತು.

ಆಗ ಬಂದವರು ಕುಮುದಾ ಅವರು. ಆಪರೇಷನ್ನಿಗೆ ಮುಂಚೆ ರೋಗಿಯನ್ನು ನೋಡಿ ಹೋಗಲು ಬಂದಿದ್ದರು. ತೆಲುಗಿನಲ್ಲಿ ಶುರು ಮಾಡಿದವರು ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. ಆ ಆಸ್ಪತ್ರೆಯಲ್ಲಿ ಕನ್ನಡ ಕೇಳಿದಾಗ ನನಗೆ ತವರಿನವರು ಬಂದ ಹಾಗಾಯಿತು, ಮೈಸೂರು ಕನ್ನಡವಾದರೂ ಸರಿ.

“ಅಮ್ಮ, ಇವರು ಮೊದಲಿಂದಲೂ ಹೀಗೆ ಮರೀತಿದ್ರಾ?”

“ಇಲ್ರೀ. ನಿನ್ನೆ ಮಧ್ಯಾಹ್ನ ಮೆಟ್ರೋದಾಗ ಎಲ್ಲಾ ಸ್ಟೇಷನ್ ಹೆಸರು ಬಾಯಿಪಾಠ ಹೇಳ್ಯಾರ.”

“ಹಾಗಿದ್ರೆ ಬುದ್ಧಿ ಎಲ್ಲೂ ಹೋಗಿಲ್ಲ. ನೋವು, ಔಷಧಿ, ನಿದ್ದೆಗೇಡು, ಎಲ್ಲ ಸೇರಿ ಅದನ್ನ ಮುಚ್ಚಿಬಿಟ್ಟಿವೆ. ಮೊದಲು ನೋವು ಕಡಿಮೆ ಮಾಡೋಣ.”

ಅವರು ಇವರನ್ನು ನೋವಿದೆಯೇ ಎಂದು ಕೇಳಲಿಲ್ಲ. ಇವರ ಎಡಗೈ ನೋಡಿದರು. ಆ ಕೈ ಹಾಸಿಗೆಯ ಚಾದರವನ್ನು ಗಂಟು ಕಟ್ಟಿದ ಹಾಗೆ ಹಿಡಿದಿತ್ತು. ಬಲಗಾಲಿನ ಕೆಳಗಿನ ದಿಂಬನ್ನು ನರ್ಸಮ್ಮ ಸ್ವಲ್ಪ ಸರಿಸಿದ್ದಕ್ಕೆ ಆ ಕೈ ಏನು ಮಾಡಿತು ಎಂದು ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಕೂರಿಸಿ ಹೇಳಿದರು. ನರ್ವ್ ಬ್ಲಾಕ್ ಅಂತ ಒಂದಿದೆ. ಮುರಿದ ಜಾಗದ ನೋವನ್ನು ಮಿದುಳಿಗೆ ಒಯ್ಯುವ ನರಗಳು ತೊಡೆಸಂದಿನ ಹತ್ತಿರ ಹಾದು ಹೋಗುತ್ತವೆ. ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡಿಕೊಂಡು ಅಲ್ಲಿ ಮರಗಟ್ಟುವ ಔಷಧಿ ಬಿಟ್ಟರೆ ಆ ಕಾಲಿನ ನೋವು ಅರ್ಧ ದಿನಕ್ಕೂ ಹೆಚ್ಚು ಹೊತ್ತು ತಗ್ಗಿರುತ್ತದೆ. ಬೇಕಾದರೆ ಮತ್ತೆ ಕೊಡಬಹುದು. ಆಗ ಮಂಪರು ಬರಿಸುವ ಇಂಜೆಕ್ಷನ್ ಕಡಿಮೆ ಮಾಡಬಹುದು.

ನಾನು ಕೇಳಿದೆ: “ಮೆಟ್ರೋ ಕಟ್ಟೂಮುಂದ ನಮ್ಮ ರೋಡ್ ಬಂದ್ ಮಾಡ್ತಿದ್ರಲ್ಲ, ಹಂಗೇನ್ರಿ?”

“ಹಾಗೇ ಅಮ್ಮ. ಆದ್ರೆ ನಾವು ಹೇಳಿದ ಹೊತ್ತಿಗೆ ರೋಡ್ ತೆಗೀತೀವಿ” ಅಂದರು.

ಗೊಲ್ಲಾಳಪ್ಪಣ್ಣ, “ನರಕ್ಕ ಸೂಜಿ ಅಂದ್ರ ಕಾಲ ಖಾಯಂ ಹೋದ್ರ?” ಎಂದ. ತಪ್ಪು ಪ್ರಶ್ನೆಯಲ್ಲ. ಕುಮುದಾ ಅವರು ಮುಖ ಗಂಟು ಹಾಕಲಿಲ್ಲ. ಸೂಜಿ ನರದೊಳಗೆ ಹೋಗುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತದೆ, ಅದಕ್ಕೇ ಪರದೆ ನೋಡುವುದು. ಅಪಾಯ ಬಹಳ ಅಪರೂಪ, ಇಲ್ಲವೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ ಅಂದರು. ನನಗೆ ಆ ಕೊನೆಯ ಮಾತೇ ಧೈರ್ಯ ಕೊಟ್ಟಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಯಾವಾಗ ಬದಲಿಸಬೇಕು ಎನ್ನುವುದು ಬಿಟ್ಟರೆ ಬೇರೆ ಯಾವ ನಿರ್ಧಾರವನ್ನೂ ನನ್ನನ್ನು ಕೇಳಿ ಮಾಡಿದ್ದಿಲ್ಲ. “ಕೊಡ್ರಿ” ಅಂದೆ. “ಮನಿಗಿ ಒಯ್ಯೋದಿಲ್ಲ. ಇವರ ಕಾಲ ಮ್ಯಾಲೆ ಇವರು ಮನಿಗಿ ಬರಬೇಕು.”

ಸೂಜಿ ಹಾಕುವಾಗ ನಾನು ತಲೆಯ ಹತ್ತಿರ ನಿಂತಿದ್ದೆ, ಇನ್ನೂ ಗಂಗಕ್ಕನಾಗಿಯೇ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಚಾದರ ಹಿಡಿದಿದ್ದ ಬೆರಳುಗಳು ಒಂದೊಂದೇ ಬಿಟ್ಟವು. ಹುಬ್ಬಿನ ಗಂಟು ಬಿಚ್ಚಿತು. ಗೊರಕೆ ಶುರುವಾಯಿತು. ಆ ಗೊರಕೆಯನ್ನು ನಾನು ಜೀವಮಾನವಿಡೀ ಬೈದಿದ್ದೇನೆ, ಆವತ್ತು ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಕೇಳಿದೆ.

ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಎಚ್ಚರವಾದರು. ಅತ್ತಿತ್ತ ನೋಡಿದರು.

“ಗಂಗಕ್ಕ ಎಲ್ಲಿ ಹೋದ್ಲು?” ಅಂದರು. ಆಮೇಲೆ ತಾವೇ, “ಅಲ್ಲ, ಆಕಿ ಹೋಗಿ ಭಾಳ ವರ್ಷ ಆತಲ್ಲ. ಮತ್ತ ನಾ ಯಾರ ಸಂಗಾಟ ಮಾತಾಡಾಕತ್ತಿದ್ದೆ?”

“ನನ್ನ ಸಂಗಾಟರೀ.”

ನನ್ನ ಮುಖವನ್ನೇ ನೋಡಿದರು. ನಾನು ಶಿವದೇವಿ ಎಂದು ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಕಂಡಿತು. “ನಾ ಏನೇನ್ ಅಂದೆ?” ಎಂದರು.

“ನೋವು ಆಗಾಕತ್ತೈತಿ ಅಂದ್ರಿ.”

ಇನ್ನೇನು ‘ಏನೂ ಆಗಿಲ್ಲ’ ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಫ್ಯಾನು ನೋಡುತ್ತಾ, “ಹೂಂ. ಭಾಳ ಆಗಿತ್ತು ಶಿವದೇವಿ. ಅಂಜಿಕಿ ಬಂದಿತ್ತು” ಅಂದರು.

ಅಷ್ಟೇ. ಭ್ರಮೆಯಲ್ಲಿ ಅಲ್ಲ, ಅಕ್ಕನಿಗಲ್ಲ. ಪೂರ್ತಿ ಎಚ್ಚರದಲ್ಲಿ, ನನ್ನ ಹೆಸರು ಹಿಡಿದು. ನಾನು ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸಿದೆ, ಆಮೇಲೆ ಅದೇ ಬಟ್ಟೆಯಿಂದ ನನ್ನದನ್ನೂ.

ಮಾತ್ರೆಯ ಪ್ರಭಾವ ಇಳಿದ ಮೇಲೆ ಆಪರೇಷನ್ ಆಯಿತು. ಆ ದಿನ ಅರಿವಳಿಕೆಗೆಂದು ಬೆನ್ನಿಗೆ ಸೂಜಿ ಹಾಕಲು ಮಗ್ಗುಲು ಮಾಡಿಸಬೇಕಲ್ಲ, ಅದಕ್ಕೂ ಮುಂಚೆ ಇನ್ನೊಂದು ಬ್ಲಾಕ್ ಕೊಟ್ಟರು. ಇವರು ಕೂಗಲಿಲ್ಲ, ಹಲ್ಲೂ ಕಚ್ಚಲಿಲ್ಲ. ಮರುದಿನವೇ ವಾಕರ್ ಹಿಡಿದು ನಿಂತರು. ಗೊಲ್ಲಾಳಪ್ಪಣ್ಣ ಬಂದು ನೋಡಿ, ಹೊರಗೆ ಹೋಗಿ ಇಡೀ ವಾರ್ಡಿಗೆ ಆಗುವಷ್ಟು ಜಿಲೇಬಿ ತಂದ. ಸಕ್ಕರೆ ಕಾಯಿಲೆಯವರ ವಾರ್ಡು ಪಕ್ಕದಲ್ಲೇ ಇತ್ತು, ನರ್ಸಮ್ಮನ ಕೈಲಿ ಬೈಸಿಕೊಂಡ.

ಈಗ ಒಂದು ದೂರು ಹೇಳಲೇಬೇಕು ಕುಮುದಾ ಅವರೇ. ನೀವು ಕೊಟ್ಟ ಸೂಜಿಯ ಪ್ರಭಾವ ಅರ್ಧ ದಿನ ಅಂದಿದ್ದಿರಿ. ಇವರ ಬಾಯಿ ಮಾತ್ರ ಅಂದು ತೆರೆದದ್ದು ಇನ್ನೂ ಮುಚ್ಚಿಲ್ಲ. ಮೊಣಕಾಲು ನೋಯತೈತಿ ಅನ್ನುತ್ತಾರೆ. ಹಲ್ಲು ಜುಮ್ ಅನ್ನಾಕತ್ತೈತಿ ಅನ್ನುತ್ತಾರೆ. ಮೊನ್ನೆ ಪೂರ್ವಿ ಆಫೀಸಿನಿಂದ ತಡವಾಗಿ ಬಂದಾಗ “ನಿನ್ನ ದಾರಿ ನೋಡಿ ನೋಡಿ ಎದಿ ಒಂಥರಾ ಆತವಾ” ಅಂದರು. ಆ ಹುಡುಗಿ ಬೂಟು ಬಿಚ್ಚುವುದನ್ನೂ ಮರೆತು ಅಪ್ಪನ ಪಕ್ಕದಲ್ಲಿ ಕೂತುಬಿಟ್ಟಳು. ಇದಕ್ಕೆ ಯಾವ ಔಷಧಿಯನ್ನೂ ದಯವಿಟ್ಟು ಕೊಡಬೇಡಿ.

ಈ ಶಾಲು, ಈ ಫಲಕ ಎಲ್ಲ ಬಳಗದ ವತಿಯಿಂದ. ನನ್ನ ವತಿಯಿಂದ ಕೊಡಲು ಈ ಮಾತುಗಳನ್ನು ಬಿಟ್ಟರೆ ನನ್ನಲ್ಲಿ ಬೇರೇನೂ ಇರಲಿಲ್ಲ, ಕೊಟ್ಟಿದ್ದೇನೆ. ಇನ್ನೂ ಸ್ವಲ್ಪ ಮಾತಾಡಬೇಕೆಂದಿತ್ತು. ಆದರೆ ಇಲ್ಲಿಗೆ ಬರುವಾಗ ಆಟೋದಲ್ಲಿ ನಮ್ಮ ಮನೆಯವರು, “ಸಭಾದಾಗಿನ ಕುರ್ಚಿ ಗಟ್ಟಿ ಇರತಾವ, ಭಾಳೊತ್ತು ಕುಂತ್ರ ಸೊಂಟ ನೋಯತೈತಿ. ನಿನ್ನ ಭಾಷಣ ಸಣ್ಣದು ಮಾಡು” ಎಂದಿದ್ದಾರೆ. ಬಾಯಿಬಿಟ್ಟು ಹೇಳಿದ ಮೇಲೆ ನಾನು ಕೇಳಲೇಬೇಕಲ್ಲವೇ?

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ನಮ್ಮ ಮನೆಯವರಿಗೂ, ನಮಸ್ಕಾರ.