ಅವ್ವ ಬಿಟ್ಟುಕೊಟ್ಟ ಮಂಚ

ಅಧ್ಯಕ್ಷತೆ ವಹಿಸಿರುವ ಪೂಜ್ಯ ಪಾದ್ರಿಗಳೇ, ಸ್ಮಾರಕದ ಕಲ್ಲು ದಾನ ಮಾಡಿದ ಬೆಂಗ್ಟ್‌ಸನ್ ಅವರೇ, ಕಾಫಿ ಆರಿಹೋಗುತ್ತಿದ್ದರೂ ಸಹಿಸಿಕೊಂಡು ಕೂತಿರುವ ನಮ್ಮ ಸ್ಮೋಲಂಡ್ ಸೀಮೆಯ ಸಭಿಕರೇ,

ಈ ಬಟ್ಟೆಯ ಹಿಂದಿರುವ ಕಲ್ಲಿನ ಮೇಲೆ ನನ್ನ ಅಣ್ಣ ಅಲ್ಗೋಟನ ಹೆಸರಿದೆ. ಅವನು ಯಾರು? ಬೆಂಗ್ಟ್‌ಸನ್ನರ ಹೊಲದ ಆಳು. ಅಮೆರಿಕಕ್ಕೆ ಹೊರಟ, ಹಡಗು ಮುಳುಗಿತು, ದೇಹ ಸಿಗಲಿಲ್ಲ. ಕೂಲಿಯವನಿಗೂ ಒಂದು ಕಲ್ಲೇ ಎಂದು ಗೊಣಗಿದವರೂ ಇಲ್ಲಿದ್ದಾರೆ. ಅವರಿಗೂ ಸ್ವಾಗತ.

ಆದರೆ ಅವನ ಹೆಂಡತಿ ತೆಕ್ಲಾ ಕೊನೆಯ ಬೆಂಚಿನಲ್ಲಿ ಕೋಟಿನ ಗುಂಡಿಯನ್ನೂ ಬಿಚ್ಚದೆ ಕೂತಿದ್ದಾಳೆ. ಬೆಳಿಗ್ಗೆ ನನಗೆ ಹೇಳಿದಳು: “ನೋಡು ಹುಲ್ಡಾ, ತಮ್ ಮಗ ಬದುಕಿದ್ದಾನೆ ಅಂತ ಅತ್ತೆ ಸಾಯೋತನಕ ಹಟ ಹಿಡಿದ್ರು. ಅವರು ಒಪ್ಪದ ಕಲ್ಲು ನಂಗೂ ಬೇಡ ಕಣೇ. ಬಟ್ಟೆ ಸರಿಸಿದ್ರೆ ನಾನು ಎದ್ದು ಹೋಗ್ತೀನಿ.” ಗಂಡ ಸತ್ತನೆಂದು ಒಪ್ಪದೆ ಎದ್ದು ಹೋದರೆ, ಅವಳನ್ನು ಮದುವೆಯಾಗಲು ಕಾದಿರುವ ಬಡಗಿ ಸಿಕ್ಸ್ಟನ್‌ನ ಗತಿಯೇನು? ಅವಳ ಗತಿಯೇನು?

ಕ್ರಿಸ್‌ಮಸ್ ರಾತ್ರಿ ನಾವೆಲ್ಲ ಏನು ಮಾಡುತ್ತೇವೆ? ಮಂಚಗಳನ್ನು ಆ ರಾತ್ರಿ ಮನೆಗೆ ಬರುವ ಸತ್ತವರಿಗೆ ಬಿಟ್ಟು ನೆಲದ ಹುಲ್ಲಿನ ಮೇಲೆ ಮಲಗುತ್ತೇವೆ. ನಮ್ಮವ್ವ ಮಾತ್ರ ಅಣ್ಣನ ಮಂಚ ಕಾಯುತ್ತ ಅದರಿಂದ ಇಳಿಯುತ್ತಿರಲಿಲ್ಲ. “ಇದು ಸತ್ತೋರ ಮಂಚ ಅಲ್ಲ. ನನ್ ಮಗ ಬಂದ್ರೆ ಎಲ್ಲಿ ಮಲಗ್ತಾನೆ, ನಿಮ್ಮನೇಲಾ?” ಎಂದು ಪಾದ್ರಿಗಳನ್ನೇ ಗದರಿದ್ದಳು. ಪಾದ್ರಿಗಳು ಈಗ ನಗುತ್ತಿದ್ದಾರೆ. ಆಗ ನಕ್ಕಿರಲಿಲ್ಲ.

ಕಳೆದ ಕ್ರಿಸ್‌ಮಸ್‌ಗೆ ತೆಕ್ಲಾ ತವರಿಗೆ ಹೋಗಿದ್ದಳು. ಕಾಯಿಲೆಯ ಅವ್ವ ಮಂಚದಿಂದ ಇಳಿದಳು. “ಬೇಡವ್ವಾ, ನೆಲ ತಣ್ಣಗಿದೆ,” ಎಂದೆ.

“ಹುಲ್ಲು ಹಾಸು ಅಂದೆನಲ್ಲ. ಎಷ್ಟು ದಿನ ಅಂತ ನೀರಲ್ಲೇ ಇರ್ತಾನೆ ಅವ್ನು? ಇವತ್ತು ಬಂದು ಮಲಗ್ಲಿ.”

ಹೊಸ ದುಪ್ಪಟಿ ತಾನೇ ಹಾಸಿದಳು, ದಿಂಬು ತಟ್ಟಿದಳು. ಆಮೇಲೆ ಅಂದಳು: “ತೆಕ್ಲಾಗೆ ನಾನ್ ಹೋದ್ಮೇಲೆ ಹೇಳು. ಅವಳ ವಯಸ್ಸೆಲ್ಲ ನನ್ನ ಹಟಕ್ಕೆ ಕಟ್ಟಿಹಾಕ್ದೆ. ಅವಳ ಮುಖ ನೋಡೋ ಧೈರ್ಯ ನಂಗಿಲ್ಲ.”

ಇದನ್ನು ನಾನು ಅವ್ವ ಹೋದಮೇಲೆ, ಕೊನೆಗೆ ಇವತ್ತು ಬೆಳಿಗ್ಗೆಯಾದರೂ, ಹೇಳಬಹುದಿತ್ತು. ಹೇಳಿದ್ದರೆ, ಸಮಾಧಾನಕ್ಕೆ ಕಟ್ಟಿದ ಕಥೆ ಅನ್ನುತ್ತಿದ್ದಳು ತೆಕ್ಲಾ. ಪಾದ್ರಿಗಳ ಎದುರು ನಾನು ಸುಳ್ಳು ಹೇಳುವವಳಲ್ಲ ಎಂಬುದು ಅವಳಿಗೆ ಗೊತ್ತು.

ಅತ್ತಿಗೇ, ಆ ಬಾಗಿಲ ಚಿಲಕದಿಂದ ಕೈ ತೆಗಿ! ನನಗೆ ಹೆದರಿಕೆಯಾಗುತ್ತಿದೆ. ಅವ್ವ ಒಪ್ಪಿದ್ದಾಳೆ, ಅತ್ತಿಗೆ. ಮಂಚ ಬಿಟ್ಟುಕೊಟ್ಟಿದ್ದಾಳೆ. ಬಟ್ಟೆ ಸರಿಸುವ ಗೌರವವನ್ನು ಇವರು ನನಗೆ ಕೊಟ್ಟಿದ್ದಾರೆ. ನನಗೆ ಬೇಡ, ನೀನೇ ಬಂದು ಸರಿಸು.

ಸಭಿಕರೇ, ದಯವಿಟ್ಟು ಕಾಲು ಒಳಗೆ ಎಳೆದುಕೊಳ್ಳಿ, ದಾರಿ ಬಿಡಿ. ಅವಳು ಬರುತ್ತಿದ್ದಾಳೆ. ಕೋಟಿನ ಗುಂಡಿ ಬಿಚ್ಚುತ್ತಾ ಬರುತ್ತಿದ್ದಾಳೆ. ಇನ್ನು ನನ್ನ ಮಾತು ಯಾರಿಗೂ ಬೇಕಿಲ್ಲ. ಇಷ್ಟು ಹೊತ್ತು ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.