ಹನ್ನೊಂದು ಗಂಟೆಯ ಆಟ

ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಸೊಸೆ ವಿಡಿಯೊ ಗೇಮ್ ಮಷಿನನ್ನು ಅಂಗಡಿಯವನ ಮುಂದೆ ಕುಕ್ಕಿದಳು. ಪಕ್ಕದಲ್ಲಿ ಅತ್ತೆ ಕೈಚೀಲದ ಹಿಡಿ ತಿರುಚುತ್ತಿದ್ದರು.

“ಮಕ್ಕಳ ಮಷಿನ್ ಅಂತೀರಿ, ಒಳಗೆ ನೋಡಿದ್ರೆ ಬರೀ ರುಂಡ ಚೆಂಡಾಡೋದು!”

“ಇದು ದೊಡ್ಡವರ ಆಟ ಅಕ್ಕ, ಡಬ್ಬಿ ಮೇಲೇ ಬರೆದಿದೆ.”

“ಮಗಳಿಗೆ ಎರಡೇಟು ಬಿಟ್ಟೆ. ನಾನಾಡಿಲ್ಲ ಅಂತ ಸುಳ್ಳು ಬೇರೆ.”

ಅಂಗಡಿಯವನು ಮಷಿನ್‌ನ ಗುಂಡಿ ಒತ್ತಿ ನೋಡಿದ. “ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಆಡಿದ್ದಾರೆ. ಹನ್ನೆರಡನೇ ಹಂತ ದಾಟಿಬಿಟ್ಟಿದ್ದಾರೆ!”

“ಆಗ ಅವಳು ಸ್ಕೂಲಲ್ಲಿರ್ತಾಳಲ್ಲ...”

ನೆಲ ಬಾಯಿ ಬಿಡಬಾರದೇ ಎನಿಸಿತು ಅತ್ತೆಗೆ.

“ಬಣ್ಣ ಚೆನ್ನಾಗಿತ್ತು ಕಣೇ. ರಕ್ತ ಹೂವಿನ ಹಾಗೆ ಉದುರುತ್ತೆ.”

“ಮಗು ಅಳ್ತಿದ್ದಾಗ ನೀವು ಅಲ್ಲೇ ಇದ್ರಲ್ಲ ಅತ್ತೆ?”

“ಇದ್ದೆ. ಬಟಾಣಿ ಬಿಡಿಸ್ತಾ ಕೂತಿದ್ದೆ.”

ಗೇಮನ್ನು ಅಲ್ಲೇ ಬಿಟ್ಟು ಅತ್ತೆ ಬಾಗಿಲ ಕಡೆ ತಿರುಗಿದರು.

“ಎಲ್ಲಿಗೆ?”

“ಸ್ಕೂಲಿಗೆ. ಬಿಡೋ ಹೊತ್ತಾಯ್ತು. ಅವಳಿಗೆ ನಾನೇ ಹೇಳ್ತೀನಿ.”