ದತ್ತಾತ್ರೇಯನ ದನಿಗೆ ಏಳದ ಗೆರಿ

ಲೈಟ್ ಆರಿಸಬ್ಯಾಡ್ರಿ, ಇರ್ಲಿ. ಇದನ್ನ ಹೇಳೂಮುಂದ ನನಗ ಬೆಳಕು ಬೇಕು. ನಗ್ರಿ, ನಗ್ರಿ… ಆಮ್ಯಾಲ ನೀರು ಕುಡ್ಯಾಕ ಅಡಗಿ ಮನಿಗೆ ಒಬ್ಬರ ಹೋಗ್ರಿ ನೋಡೂಣು. ನಮ್ಮ ಸೋದರತ್ತಿ ಮಗ ದತ್ತಾತ್ರೇಯ ಹೈದ್ರಾಬಾದಿನ್ಯಾಗ, ಮಣಿಕೊಂಡದಾಗ ಅದಾನಲ್ಲ, ಅವಗ ಆಗಿದ್ದಿದು.

ಅವತ್ತ ಹೆಂಡ್ತಿ ಭಕ್ತಿನ್ನ ಕೋಠಿ ಪ್ಯಾಟಿಗೆ ಹೋಗೂ ಬಸ್ಸಿಗೆ ಹತ್ತಿಸಿ ವಾಪಸ್ ಬರಾಕತ್ತಿದ್ದ. ದೀಪಾ ಹಚ್ಚೂ ಹೊತ್ತು. ಅವರ ಅಪಾರ್ಟ್‌ಮೆಂಟಿನ ಹಿತ್ತಲದಾಗ ಒಂದು ಹಳೇ ಬಾವಿ ಐತಿ. ಕಟ್ಟಿಸಿದವರು ಅದನ್ನ ತುಂಬಲಿಲ್ಲ, ಮ್ಯಾಲೊಂದು ಸಿಮೆಂಟಿನ ಚಪ್ಪಡಿ ಎಳದು ಕೈ ತೊಳಕೊಂಡಾರ. ಮಂದಿ ಅದರ ಮ್ಯಾಲ ಬೈಕ್ ನಿಲ್ಲಸ್ತಾರ. ಇವ ದಾಟೂಮುಂದ ಚಪ್ಪಡಿ ಕೆಳಗ ಸಪ್ಪಳ ಬಂತು. ಟಕ್… ಟಕ್… ಉಗುರಿನಿಂದ ಕಲ್ಲು ಬಡದಂಗ. ಇವ ನಿಂತ. ಅದೂ ನಿಂತ್ತು. ಇಲಿ ಇರಬೇಕು ಅಂದ್ಕೊಂಡು ಮನಿಯೊಳಗ ಹೋದ.

ಅವನ ಕಂಪ್ಯೂಟರಿನ ಸುದ್ದಿ ಹೇಳ್ತೀನಿ, ಲಕ್ಷ್ಯ ಕೊಟ್ಟು ಕೇಳ್ರಿ. ಪರದೆ ಹಿಂದ ಸುಮ್ನ ಒಂದು ಚಿತ್ರ ಇಟ್ಕೊಳ್ಳೂ ಮನಶ್ಯಾ ಅಲ್ಲ ಅವ. ಹಾಡಿನ ತಾಳಕ್ಕ ಬಣ್ಣದ ಗೆರಿ ಏಳೂದು, ಬೀಳೂದು ಇರತೈತಲ್ಲ, ಅದನ್ನ ವಾಲ್‌ಪೇಪರ್ ಮಾಡಿದ್ದ. ಅವನ ಕೆಲಸ ಮನ್ಯಾಗಿಂದನ, ಕಿವಿಗೆ ಹೆಡ್‌ಫೋನು, ದಿನಾ ಆಫೀಸಿನ ಕಾಲ್. ಭಕ್ತಿ ಕರದ್ರ ಕೇಳ್ತಿರಲಿಲ್ಲ, ಮನ್ಯಾಗ ಜಗಳ. ಅದಕ್ಕ ಶಾಣ್ಯಾ ಏನು ಮಾಡಿದ? ಆ ಗೆರಿ ಹಾಡಿಗಲ್ಲ, ಮೈಕಿಗೆ ಬೀಳೂ ಸಪ್ಪಳಕ್ಕ ಕುಣ್ಯೂಹಂಗ ಮಾಡ್ಕೊಂಡ. ಕುಕ್ಕರ್ ಸೀಟಿ ಹೊಡದ್ರ ಪರದೆ ತುಂಬ ಏಳ್ತಿದ್ವು. ಭಕ್ತಿ "ರೀ" ಅಂದ್ರ ಬಲಕಿನ ಎರಡು ಗೆರಿ ಫಕ್ಕನ ಜಿಗೀತಿದ್ವು. ಅಷ್ಟು ಕಂಡ್ರ ಸಾಕು, ಇವ ಅಲ್ಲಿಂದನ "ಓ" ಅಂತಿದ್ದ. "ನನ್ನ ಮಾತು ಕಿವೀಗೆ ಬೀಳ್ದಿದ್ರೂ ಕಣ್ಣಿಗರ ಬೀಳಾಕತ್ತೈತಲ್ಲ!" ಅಂತ ಆಕಿ ನಗ್ತಿದ್ಳು. ಗಂಡನ ಹೆಸರು ಮಾತ್ರ ಹಿಡದು ಕರೀತಿರಲಿಲ್ಲ ಆಕಿ. ಅವಂದು ಅವನ ಮುತ್ಯಾನ ಹೆಸರು, ಅತ್ತಿ ಬಿಡ್ತಿರಲಿಲ್ಲ. ಲಗ್ನ ಆದಾಗಿಂದ ಬರೇ "ರೀ".

ಅವತ್ತ ತನ್ನ ಖೋಲ್ಯಾಗ, ಕಾಲ್‌ನ್ಯಾಗ ಕುಂತಾನ. ಬಲಕಿನ ಎರಡು ಗೆರಿ ಜಿಗಿದ್ವು.

"ಓ" ಅಂದ.

ಮತ್ತ ಜಿಗಿದ್ವು.

"ಓ, ಬಂದೆ ತಡಿ" ಅಂದ… ಅಂದವನ ಕೈ ಅಲ್ಲೇ ನಿಂತ್ತು. ಭಕ್ತಿನ್ನ ಬಸ್ಸಿಗೆ ಹತ್ತಿಸಿ ಬಂದಾವ ಅವನ ಅಲ್ಲೇನು?

ಕಾಲ್‌ನ್ಯಾಗಿನವರು, "ದತ್ತಾ, ನಿನ್ನ ದನಿ ಬರವಲ್ದು, ಮ್ಯೂಟ್ ಐತೇನು?" ಅಂದ್ರು. ಇಲ್ಲ ಅಂದ. ಅವರು ಕಟ್ ಮಾಡಿದ್ರು. ಹೆಡ್‌ಫೋನ್ ತಗದ. "ಯಾರು?" ಅಂದ. ಅವನ ದನಿ ಅವನ ಕಿವೀಗೆ ಬಂತು, ಗೆರಿ ಅಲುಗಲಿಲ್ಲ. ಚಪ್ಪಾಳಿ ಹೊಡದ. ಸ್ಟೀಲ್ ಲೋಟ ನೆಲಕ್ಕ ಬಿಟ್ಟ, ಖಣ್ ಅಂತು… ಗೆರಿ ಮಲಗೇ ಇದ್ವು. ಮೈಕ್ ಕೆಟ್ಟಿರಬೇಕು ಅನ್ನೂದ್ರಾಗ ರೋಡಿನ ಮ್ಯಾಲ ಆಟೋ ಪೀಂ ಅಂತು. ಎಲ್ಲಾ ಗೆರಿ ಎದ್ವು! ಮೈಕ್ ಕೆಟ್ಟಿಲ್ಲ, ಅವನ ಸಪ್ಪಳಕ್ಕಷ್ಟ ಏಳವಲ್ದು.

ಖೋಲಿ ಬಾಗಲಕ್ಕ ಓಡಿದ. ಚಿಲಕ ಹಾಕಿರಲಿಲ್ಲ, ಬರೇ ಮುಂದ ಮಾಡಿದ್ದ. ಹಿಡಿ ತಿರಗತೈತಿ, ಬಾಗಲಾ ತೆರಿಯವಲ್ದು. ಕಿಡಕಿಗೆ ಕಬ್ಬಿಣದ ಸರಳು. ಹೊರಗ ಹಿತ್ತಲದಾಗ ಹಾದು ಹೋಗೂ ಮಂದಿಗೆ ಗಂಟಲು ಹರಿಯೂಹಂಗ ಒದರಿದ. ಒಬ್ಬರೂ ಹೊಳ್ಳಿ ನೋಡಲಿಲ್ಲ. ಫೋನಿನ್ಯಾಗ ಭಕ್ತಿಗೆ ಬರದ, ಒಂದಕ್ಷರನೂ ಹೋಗಲಿಲ್ಲ.

ಭಕ್ತಿ ಬಂದಾಗ ರಾತ್ರಿ ಭಾಳ ಆಗಿತ್ತು. ಆಕಿ ಜೋಡಿ ಬಾಜೂಮನಿ ವತ್ಸಲಾ ಇದ್ರು, ಮೈಸೂರಿನವರು. ಖೋಲಿ ಬಾಗಲಾ ದೂಡಿದ್ರು, ಬಡದ್ರು. ಪ್ರತಿ ಬಡತಕ್ಕೂ ಗೆರಿ ಎದ್ವು. ಇವ ಒಳಗಿಂದ ಎರಡೂ ಕೈಲೆ ಬಡದ, "ಇಲ್ಲೇ ಅದೀನೇ ಭಕ್ತೀ!" ಅಂದ. ಒಂದು ಗೆರೀನೂ ಏಳಲಿಲ್ಲ.

"ಒಳಗೆ ಯಾರೂ ಇಲ್ಲ ಕಣಮ್ಮ," ವತ್ಸಲಾ ಪಿಸುಗುಟ್ಟಿದ್ರು.

"ಚಪ್ಪಲಿ ಇಲ್ಲೇ ಅದಾವಲ್ರಿ…"

ಆಕಿ ಫೋನ್ ಹಚ್ಚಿದ್ಳು. ಖೋಲ್ಯಾಗ ರಿಂಗಾತು. ಇವ ಎತ್ತಿ ಅಳಾಕತ್ತಿದ. "ಹಲೋ… ಹಲೋ… ಏನೂ ಕೇಳ್ಸವಲ್ದು" ಅಂದು ಇಟ್ಟಳು. ಕಡೀಕ ಗಾಬರಿಲೆ ಕರದಳು. "ರೀ…"

ಹಿತ್ತಲ ಕಡಿಂದ ದನಿ ಬಂತು.

"ಓ, ಬಂದೆ ತಡಿ."

ದತ್ತಾತ್ರೇಯಂದ ದನಿ! ಅವನ ಗಂಟಲು, ಅವನ ರಾಗ. ಬಾವಿ ಚಪ್ಪಡಿ ಕೆಳಗಿಂದ. ಮತ್ತ… ಅದಕ್ಕ ಗೆರಿ ಎದ್ವು.

"ನೋಡು, ಹಿಂದೆ ಇದಾರೆ. ಬಾ ಹೋಗೋಣ," ಅಂದ್ರು ವತ್ಸಲಾ. ಹೆಜ್ಜಿ ಸಪ್ಪಳ ದೂರ ಆಗಾಕತ್ತು. ಚಪ್… ಚಪ್… ಗೆರಿ ಸಣ್ಣಾಗ್ಕೋತ ಹೊಂಟ್ವು. ಆಕಿ ಬಾವಿ ಕಡೆ ನಡದಾಳ, ಇವ ತಡ್ಯಾಕ ಆಗವಲ್ದು. ತಾನು ಸತ್ರೂ ಅಡ್ಡಿಯಿಲ್ಲ, ಆಕಿ ಅಲ್ಲಿ ಹೋಗಬಾರ್ದು ಅಂತ ದೇವರನ್ನ ನೆನದು ಬಾಗಲಕ್ಕ ಹಣಿ ಚಚ್ಚಿಕೊಂಡ.

ಹೆಜ್ಜಿ ನಿಂತ್ವು. "ಆಂಟಿ… ಹಿತ್ತಲದಾಗಿದ್ರ, ಖೋಲ್ಯಾಗ ಫೋನ್ ಎತ್ತಿದವರು ಯಾರು?"

ಓಡಿ ಬಂದು ಬಾಗಲಾ ಸಂದೀಗೆ ಬಾಯಿ ಹಚ್ಚಿದ್ಳು. ಮತ್ತ "ರೀ" ಅನ್ನಾಕ ಬಾಯಿ ತೆರದಾಕಿ ತಡದಳು. ರೀ ಅಂದ್ರ ಬಾವ್ಯಾಗಿಂದ ಅದ ಓ ಅಂತೈತಿ! ಹೆಸರು ಹಿಡೀಬ್ಯಾಡ ಅನ್ನೂ ಅತ್ತಿ ನೆನಪಾದ್ಳು, ಆದ್ರೂ ಆಗೂದಾಗ್ಲಿ ಅಂದ್ಳು ಭಕ್ತಿ. ಹುಟ್ಟಿದಾಗಿಂದ ಹಿಂಗ ಒದರಿರಲಿಲ್ಲ ಆ ಹುಡುಗಿ.

"ದತ್ತಾತ್ರೇಯಾ!"

ಹಿತ್ತಲದಾಗ ಸಪ್ಪಳಿಲ್ಲ. ಒಳಗ ಇವ "ಓ" ಅಂದ. ಗೆರಿ ಏಳಲಿಲ್ಲ… ಆದ್ರ ಬಾಗಲಾ ಕಿರ್‌ರ್ ಅಂತ ತೆರೀತು.

ಈಗ ಅವರು ಆ ಮನಿ ಬಿಟ್ಟಾರ, ಆ ಕಂಪ್ಯೂಟರೂ ಮಾರ್ಯಾರ. ಅವ ಆರಾಮ ಅದಾನ. ಮಾತಾಡ್ತಾನ, ನಗ್ತಾನ, ಎಲ್ಲಾರಿಗೂ ಕೇಳಸತೈತಿ. ಸುಳ್ಳು ಹೇಳಿದ್ರ ನನ್ನ ನಾಲಿಗಿ ಬಿದ್ದುಹೋಗ್ಲಿ. ಇಗೋ, ಮುಂಜಾನಿ ಫೋನಿನ್ಯಾಗ ದನಿ ರೆಕಾರ್ಡ್ ಮಾಡಿ ಕಳಿಸ್ಯಾನ, "ಊಟ ಆತೇನ್ರಿ ಅಕ್ಕಾ" ಅಂತ. ಒತ್ತಿ ಕೇಳ್ರಿ. ಕೇಳ್ತಲ್ಲ? ಈಗ ಪರದೆ ನೋಡ್ರಿ. ನಾ ಕಳಿಸಿದ್ರಾಗ ದನಿ ಗೆರಿ ಮ್ಯಾಲ ಕೆಳಗ ಅದಾವ. ಅವನದ್ರಾಗ ಬರೇ ಚುಕ್ಕಿ, ಈ ತುದಿಯಿಂದ ಆ ತುದಿತನಕ ಸಪಾಟು. ಅವ ಇನ್ನೂ ಇದನ್ನ ಗಮನಿಸಿಲ್ಲ. ಭಕ್ತಿಗೆ ಗೊತ್ತೈತಿ, ಅವಗ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.